ಅಡುಗೆಮನೆಯ ಕಪಾಟಿನ ಬಣ್ಣ ಮತ್ತು ಮನೆಯ ಮರುಮಾರಾಟ: ಚಾಮರಾಜನಗರ, ಗುಂಡ್ಲುಪೇಟೆಗಳನ್ನು ಕುರಿತ ಒಂದು ಅಧ್ಯಯನ

ಮನೆ ಕಟ್ಟುವವರು ಅಡಿಪಾಯ, ಕಬ್ಬಿಣ, ಸಿಮೆಂಟುಗಳ ವಿಷಯದಲ್ಲಿ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಅಡುಗೆಮನೆಯ ಕಪಾಟಿನ ಬಣ್ಣವನ್ನಾದರೋ ಪ್ಲೈವುಡ್ ಅಂಗಡಿಯಲ್ಲಿ ಮಾದರಿ ಪುಸ್ತಕವನ್ನು ತಿರುವಿಹಾಕಿ ಅರ್ಧ ಗಂಟೆಯಲ್ಲಿ ನಿರ್ಧರಿಸಿಬಿಡುತ್ತಾರೆ. ಹತ್ತು ವರ್ಷಗಳ ನಂತರ ವರ್ಗಾವಣೆ, ಮಕ್ಕಳ ಶಿಕ್ಷಣ, ಮದುವೆ ಅಥವಾ ಆಸ್ತಿ ಪಾಲಿನ ಕಾರಣದಿಂದ ಆ ಮನೆಯನ್ನು ಮಾರಬೇಕಾದಾಗ, ನೋಡಲು ಬಂದ ಕುಟುಂಬದ ಹೆಂಗಸರು ಮೊದಲು ಹೋಗಿ ನಿಲ್ಲುವುದು ಅಡುಗೆಮನೆಯಲ್ಲಿಯೇ. ಅಲ್ಲಿ ಅವರ ಮುಖದಲ್ಲಿ ಮೂಡುವ ಭಾವವೇ ಮುಂದಿನ ಚೌಕಾಸಿಗೆ ನಾಂದಿಯಾಗುತ್ತದೆ.

ನಮ್ಮ ಸದಸ್ಯರಲ್ಲಿ ಪ್ಲೈವುಡ್ ಮತ್ತು ಹಾರ್ಡ್‌ವೇರ್ ವ್ಯಾಪಾರಿಗಳು, ಕಲ್ಲಿನ ವ್ಯಾಪಾರಿಗಳು, ಗುತ್ತಿಗೆದಾರರು ಹಾಗೂ ಮಾರಾಟಕ್ಕಾಗಿಯೇ ಮನೆ ಕಟ್ಟುವವರು ಇದ್ದಾರೆ. ಇವರಿಗೂ ಇವರ ಗ್ರಾಹಕರಿಗೂ ಉಪಯುಕ್ತವಾಗಲೆಂದು ಈ ವಿಷಯವನ್ನು ಹಂತಹಂತವಾಗಿ ಇಲ್ಲಿ ವಿವೇಚಿಸಲಾಗಿದೆ.

1. ಕೊಳ್ಳುವವರು ಯಾರು?

ಬಣ್ಣದ ಮಾತಿಗೆ ಮುಂಚೆ ಕೊಳ್ಳುವವರ ಮಾತು ಬರಬೇಕು. 1997 ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರಚನೆಯಾದ ಮೇಲೆ ಜಿಲ್ಲಾ ಕೇಂದ್ರಕ್ಕೆ ಸರ್ಕಾರಿ ಕಚೇರಿಗಳು ಬಂದವು. 2016 ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ಇದರಿಂದ ಪಟ್ಟಣದಲ್ಲಿ ಮನೆ ನೋಡುವವರ ಪೈಕಿ ನೌಕರರು, ಶಿಕ್ಷಕರು, ವೈದ್ಯಕೀಯ ಸಿಬ್ಬಂದಿ ಮುಂತಾದ ಸಂಬಳದಾರರು ಗಣನೀಯವಾಗಿ ಸೇರಿದ್ದಾರೆ. ಬ್ಯಾಂಕ್ ಸಾಲದಿಂದ ಕೊಳ್ಳುವ ಇವರು ಕಂತು ಆರಂಭವಾದ ದಿನವೇ ವಾಸಕ್ಕೆ ಬರಲು ಬಯಸುತ್ತಾರೆ. ಕೊಂಡ ಮೇಲೆ ಮತ್ತೆ ಮರಗೆಲಸಕ್ಕೆ ಹಣ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಗುಂಡ್ಲುಪೇಟೆಯ ಸ್ಥಿತಿ ಸ್ವಲ್ಪ ಭಿನ್ನ. ಮೈಸೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಸುಲ್ತಾನ್ ಬತ್ತೇರಿಯ ಕಡೆಗೂ ಮತ್ತೊಂದು ಬಂಡೀಪುರದ ಮೂಲಕ ಗೂಡಲೂರು, ಊಟಿಗಳ ಕಡೆಗೂ ಸಾಗುತ್ತದೆ. ತರಕಾರಿ, ಹೂವು, ಅರಿಶಿನಗಳ ವಹಿವಾಟು ನಡೆಸುವವರು, ಹಳ್ಳಿಯಿಂದ ಮಕ್ಕಳ ಓದಿಗಾಗಿ ಪಟ್ಟಣಕ್ಕೆ ಬರುವ ರೈತ ಕುಟುಂಬಗಳು, ಪ್ರವಾಸಿಗರಿಗೆ ತಂಗಲು ಮನೆ ಒದಗಿಸುವವರು ಇಲ್ಲಿಯ ಗಿರಾಕಿಗಳು. ಇವರ ಅಡುಗೆಮನೆಯಲ್ಲಿ ಕೆಲಸ ಹೆಚ್ಚು, ಪಾತ್ರೆ ದೊಡ್ಡದು, ಬಂದುಹೋಗುವ ಜನರೂ ಹೆಚ್ಚು. ತೊಳೆದು ಒರೆಸಲು ಸುಲಭವಾದುದನ್ನೇ ಇವರು ಮೆಚ್ಚುತ್ತಾರೆ.

ಈ ಎರಡೂ ವರ್ಗಗಳಿಗೆ ಸಾಮಾನ್ಯವಾದ ಅಂಶವೊಂದಿದೆ. ಮಾರುವವರ ವೈಯಕ್ತಿಕ ಅಭಿರುಚಿಗೆ ಇವರು ಹಣ ಕೊಡುವುದಿಲ್ಲ. ಆದರೆ ಆ ಅಭಿರುಚಿ ತಮಗೆ ಹಿಡಿಸದಿದ್ದರೆ ಹಣವನ್ನು ಕಡಿತಗೊಳಿಸುತ್ತಾರೆ. ಮರುಮಾರಾಟದ ದೃಷ್ಟಿಯಿಂದ ಬಣ್ಣದ ಆಯ್ಕೆಯೆಂದರೆ ಲಾಭ ಗಳಿಸುವುದಕ್ಕಿಂತ ನಷ್ಟ ತಪ್ಪಿಸುವ ಕಾರ್ಯವೆಂದು ತಿಳಿಯಬೇಕು.

2. ಬಣ್ಣ ಬದಲಾಗಿ ಬಂದ ದಾರಿ

ಸೌದೆ ಒಲೆಯ ಕಾಲದಲ್ಲಿ ಅಡುಗೆಮನೆಗೆ ಮಸಿಯ ಬಣ್ಣವೊಂದೇ ಇತ್ತು. ಗೋಡೆಗೆ ಸುಣ್ಣ ಬಳಿದರೂ ಮುಂದಿನ ಹಬ್ಬದ ಹೊತ್ತಿಗೆ ಕಪ್ಪಾಗುತ್ತಿತ್ತು. ಅನಂತರ ಕಡಪ ಕಲ್ಲಿನ ತೆರೆದ ಗೂಡುಗಳು ಬಂದವು. ಅವುಗಳಿಗೆ ಬಾಗಿಲೇ ಇರಲಿಲ್ಲವಾದುದರಿಂದ ಬಣ್ಣದ ಪ್ರಶ್ನೆಯೂ ಏಳಲಿಲ್ಲ. ಅಡುಗೆ ಅನಿಲ ಪಟ್ಟಣಗಳಿಗೂ, 2016 ರ ಉಜ್ವಲಾ ಯೋಜನೆಯ ನಂತರ ಹಳ್ಳಿಗಳ ಬಡ ಕುಟುಂಬಗಳಿಗೂ ವ್ಯಾಪಕವಾಗಿ ತಲುಪಿದ ಮೇಲೆ ಹೊಗೆ ಕಡಿಮೆಯಾಯಿತು. ಹೊಗೆ ಕಡಿಮೆಯಾದ ಮೇಲೆಯೇ ತಿಳಿ ಬಣ್ಣದ ಕಪಾಟು ನಮ್ಮಲ್ಲಿ ಸಾಧ್ಯವಾಯಿತು.

ಬಣ್ಣವನ್ನು ಕೆಲಸಕ್ಕೆ ತಕ್ಕಂತೆ ಆರಿಸುವ ವಿಚಾರಕ್ಕೆ ಜರ್ಮನಿಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1926 ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟ್ ಶ್ಯುಟ್ಟೆ-ಲಿಹೋಟ್ಸ್ಕಿ ಅವರು ಫ್ರಾಂಕ್‌ಫರ್ಟ್ ನಗರದ ಕಾರ್ಮಿಕ ವಸತಿಗಳಿಗಾಗಿ ಚಿಕ್ಕದಾದ, ಜೋಡಿಸಿದ ಕಪಾಟುಗಳುಳ್ಳ ಅಡುಗೆಮನೆಯನ್ನು ರೂಪಿಸಿದರು. ಇಂದಿನ ಮಾಡ್ಯುಲರ್ ಅಡುಗೆಮನೆಗೆ ಅದೇ ಮೂಲಮಾದರಿ. ಅದರ ಕಪಾಟುಗಳಿಗೆ ನೀಲಿ-ಹಸಿರು ಬಣ್ಣವನ್ನು ಬಳಿಯಲಾಗಿತ್ತು. ನೀಲಿಯ ಮೇಲೆ ನೊಣ ಕೂರುವುದಿಲ್ಲವೆಂಬ ನಂಬಿಕೆ ಅದಕ್ಕೆ ಕಾರಣ. ಆ ನಂಬಿಕೆ ಎಷ್ಟು ನಿಜವೆಂಬುದು ಬೇರೆ ಮಾತು. ಬಣ್ಣಕ್ಕೊಂದು ಉಪಯೋಗ ಇರಬೇಕೆಂಬ ಅವರ ಕ್ರಮ ಇಂದಿಗೂ ಅನುಸರಣೀಯವಾಗಿದೆ.

3. ಮೊದಲೇ ನಿಶ್ಚಿತವಾದ ಬಣ್ಣ: ಕರಿಕಲ್ಲು

ನಮ್ಮ ಭಾಗದ ಅಡುಗೆಮನೆಯಲ್ಲಿ ಒಂದು ಬಣ್ಣ ಮೊದಲೇ ನಿಶ್ಚಿತವಾಗಿರುವುದುಂಟು. ಅದು ಅಡುಗೆ ಕಟ್ಟೆಯ ಕರಿಕಲ್ಲಿನದು. ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಲ್ಲಿ ಹೆಸರು ಮಾಡಿದೆ. ವ್ಯಾಪಾರದಲ್ಲಿ ಇದನ್ನು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನದ ಪ್ರಕಾರ ಇದು ಡೋಲರೈಟ್ ಜಾತಿಯ ಶಿಲೆ. ಕಣಗಳು ಸಣ್ಣವಾಗಿ ಒತ್ತಾಗಿರುವುದರಿಂದ ಇದಕ್ಕೆ ಒಳ್ಳೆಯ ಹೊಳಪು ಬರುತ್ತದೆ. ಅಮೃತಶಿಲೆಯಂತೆ ನಿಂಬೆರಸ, ಹುಣಿಸೆರಸಗಳಿಗೆ ಸುಲಭವಾಗಿ ಹಾಳಾಗುವುದಿಲ್ಲ.

ಕಟ್ಟೆಯ ಕಲ್ಲು ಕಪಾಟಿಗಿಂತ ಬಹುಕಾಲ ಬಾಳುತ್ತದೆ. ಆದ್ದರಿಂದ ಕಪಾಟಿನ ಬಣ್ಣವನ್ನು ಕಲ್ಲಿಗೆ ಹೊಂದಿಸಬೇಕೇ ಹೊರತು ಕಪಾಟಿಗಾಗಿ ಕಲ್ಲನ್ನು ಬದಲಿಸುವುದು ಮಿತವ್ಯಯವಲ್ಲ. ಕರಿಕಲ್ಲಿನ ಕೆಳಗೆ ಕಾಫಿ ಕಂದು, ಕಡುಗೆಂಪು, ಇದ್ದಿಲು ಬೂದು ಮುಂತಾದ ಗಾಢ ಬಣ್ಣದ ಬಾಗಿಲುಗಳನ್ನಿಟ್ಟರೆ ಸೊಂಟದ ಮಟ್ಟದಿಂದ ನೆಲದವರೆಗೆ ಒಂದೇ ಕತ್ತಲಿನ ಪಟ್ಟಿ ಕಾಣುತ್ತದೆ. 8 ಅಡಿಗೆ 10 ಅಡಿಯ ಕೋಣೆ ಇನ್ನೂ ಚಿಕ್ಕದಾಗಿ ತೋರುತ್ತದೆ. ಅದೇ ಕಲ್ಲಿನ ಕೆಳಗೆ ಕೆನೆ ಬಣ್ಣ, ದಂತದ ಬಣ್ಣ, ತಿಳಿ ಬೂದು ಅಥವಾ ತಿಳಿಯಾದ ಮರದ ಗೆರೆ ಇದ್ದರೆ ಕಲ್ಲಿನ ಕಪ್ಪು ಅಂಚುಕಟ್ಟಿದಂತೆ ಶೋಭಿಸುತ್ತದೆ. ಸ್ಥಳೀಯ ಕಲ್ಲಿಗೂ ಇದರಿಂದ ಬೆಲೆ ಬರುತ್ತದೆ.

4. ಬೆಳಕು, ನೀರು, ಧೂಳು, ಒಗ್ಗರಣೆ

ಈ ನಾಲ್ಕು ಅಂಶಗಳನ್ನು ಪ್ರತ್ಯೇಕವಾಗಿ ಗಮನಿಸುವುದು ಒಳ್ಳೆಯದು.

ಬೆಳಕು: ಬಿಳಿ ಹಾಗೂ ಬಿಳಿಗೆ ಸಮೀಪದ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತವೆ; ಗಾಢ ಬಣ್ಣಗಳು ಬಹುಪಾಲನ್ನು ಹೀರಿಕೊಳ್ಳುತ್ತವೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಪಕ್ಕದ ಮನೆಯ ಗೋಡೆ ಸಮೀಪವಿರುವಾಗ ಅಡುಗೆಮನೆಗೆ ಒಂದೇ ಕಿಟಕಿ ಇರುವುದು ಸಾಮಾನ್ಯ. ಅಂಥಲ್ಲಿ ಗಾಢ ಬಣ್ಣವನ್ನು ಹಾಕಿದರೆ ಹಗಲಿನಲ್ಲಿಯೂ ದೀಪ ಬೇಕಾಗುತ್ತದೆ. ಮನೆ ನೋಡಲು ಬಂದವರು ವಿದ್ಯುತ್ ಇಲ್ಲದ ವೇಳೆಯಲ್ಲಿ ಬಂದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ನೀರು: ಕೊಳವೆಬಾವಿಯ ಗಡಸು ನೀರು ಒಣಗಿದ ಮೇಲೆ ಬಿಳಿಯ ಕಲೆಯನ್ನು ಉಳಿಸುತ್ತದೆ. ಕಪ್ಪು ಅಥವಾ ಗಾಢವಾದ ಹೊಳಪಿನ ಬಾಗಿಲುಗಳ ಮೇಲೆ, ಅದರಲ್ಲಿಯೂ ಸಿಂಕಿನ ಕೆಳಗಿನ ಬಾಗಿಲಿನ ಮೇಲೆ, ಈ ಕಲೆ ಎದ್ದು ಕಾಣುತ್ತದೆ. ತಿಳಿ ಬಣ್ಣದ ಮೇಲೆ ಕಾಣುವುದು ಕಡಿಮೆ.

ಧೂಳು: ನಮ್ಮ ಕೆಮ್ಮಣ್ಣಿನ ಧೂಳು ಕಡು ಬಣ್ಣದ ನುಣುಪು ಮೇಲ್ಮೈಯ ಮೇಲೆ ಒಂದೇ ದಿನದಲ್ಲಿ ತೋರುತ್ತದೆ. ಅಪ್ಪಟ ಬಿಳಿಯ ಮೇಲೆಯೂ ತೋರುತ್ತದೆ. ಕೆನೆ, ಮರಳು, ಗೋಧಿ ಬಣ್ಣಗಳು ಇದನ್ನು ಮರೆಮಾಚುತ್ತವೆ.

ಒಗ್ಗರಣೆ: ಸಾಸಿವೆ ಸಿಡಿಯುವ, ಎಣ್ಣೆಯ ಹಬೆಯೇಳುವ ಅಡುಗೆ ನಮ್ಮದು. ಅರಿಶಿನದ ಕಲೆಯಂತೂ ಬಿಳಿಯ ಮೇಲೆ ಕೂಡಲೇ ಹತ್ತುತ್ತದೆ. ಈ ಕಾರಣದಿಂದ ಒಲೆಯ ಅಕ್ಕಪಕ್ಕದ ಬಾಗಿಲುಗಳಿಗೆ ಅಪ್ಪಟ ಬಿಳಿ ಸೂಕ್ತವಲ್ಲ. ಒರಟಾದ, ಗೀರುಗಳುಳ್ಳ ಮೇಲ್ಮೈಗಳಲ್ಲಿ ಎಣ್ಣೆ ಮತ್ತು ಧೂಳು ಸೇರಿ ಅಂಟಾಗಿ ಉಳಿಯುತ್ತವೆ. ಆದ್ದರಿಂದ ಹೊಳಪು ಕಡಿಮೆ ಇರುವ, ಆದರೆ ನುಣುಪಾದ ಮ್ಯಾಟ್ ಹಾಳೆಯೇ ಉತ್ತಮ.

ಇವನ್ನೆಲ್ಲ ಕೂಡಿಸಿ ನೋಡಿದರೆ ಅಪ್ಪಟ ಬಿಳಿ ಮತ್ತು ಕಡು ಬಣ್ಣಗಳೆರಡೂ ಬದಿಗೆ ಸರಿದು, ನಡುವಿನ ತಿಳಿ ಬಣ್ಣಗಳು ಉಳಿಯುತ್ತವೆ.

5. ವಾಸ್ತುವಿನ ಪ್ರಶ್ನೆ

ಅಡುಗೆಮನೆ ಆಗ್ನೇಯ ಮೂಲೆಯಲ್ಲಿರಬೇಕು, ಪೂರ್ವಾಭಿಮುಖವಾಗಿ ಅಡುಗೆ ಮಾಡಬೇಕು ಎಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿದೆ. ಬಣ್ಣದ ವಿಷಯದಲ್ಲಿಯೂ ಅಡುಗೆಮನೆಗೆ ಕಪ್ಪು ಆಗದೆಂದು ಹಲವರು ಹೇಳುತ್ತಾರೆ. ಮಾರುವವರು ಇದನ್ನು ನಂಬಲಿ, ಬಿಡಲಿ. ಕೊಳ್ಳುವವರ ಮನೆಯ ಹಿರಿಯರು ನಂಬಿದರೆ ಮಾರಾಟ ನಿಲ್ಲುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದನ್ನು ಮಾರುಕಟ್ಟೆಯ ಒಂದು ವಾಸ್ತವವೆಂದು ಒಪ್ಪಿಕೊಳ್ಳುವುದು ವಿವೇಕ. ಕಟ್ಟೆಯ ಕಲ್ಲು ಕಪ್ಪಾಗಿರುವಲ್ಲಿ ಕಪಾಟೂ ಕಪ್ಪಾದರೆ ಆಕ್ಷೇಪಣೆ ಇಮ್ಮಡಿಯಾಗುತ್ತದೆ. ಕೆನೆ, ತಿಳಿ ಹಳದಿ, ಮರದ ಬಣ್ಣಗಳಿಗೆ ಯಾವ ಮನೆಯ ಹಿರಿಯರಿಂದಲೂ ಆಕ್ಷೇಪಣೆ ಬರುವುದು ವಿರಳ.

6. ಒಂದು ಲೆಕ್ಕ

ಬಣ್ಣದ ತಪ್ಪಿಗೆ ಎಷ್ಟು ಹಣ ತೆರಬೇಕಾಗಬಹುದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ.

‘ಎಲ್’ ಆಕಾರದ ಅಡುಗೆಮನೆಯಲ್ಲಿ ಕಟ್ಟೆಯ ಒಟ್ಟು ಉದ್ದ 18 ಅಡಿ ಎಂದಿಟ್ಟುಕೊಳ್ಳೋಣ. ಕಟ್ಟೆಯ ಕೆಳಗಿನ ಬಾಗಿಲುಗಳ ಎತ್ತರ ಎರಡೂಕಾಲು ಅಡಿಯಾದರೆ ವಿಸ್ತೀರ್ಣ 40.5 ಚದರ ಅಡಿ. ಗೋಡೆಯ ಕಪಾಟು 12 ಅಡಿ ಉದ್ದ, 2 ಅಡಿ ಎತ್ತರ. ಅಂದರೆ 24 ಚದರ ಅಡಿ. ಮೇಲಿನ ಅಟ್ಟದ ಬಾಗಿಲುಗಳು 18 ಅಡಿ ಉದ್ದ, 2 ಅಡಿ ಎತ್ತರ. ಅಂದರೆ 36 ಚದರ ಅಡಿ. ಒಟ್ಟು 100.5 ಚದರ ಅಡಿ. ಲ್ಯಾಮಿನೇಟ್ ಹಾಳೆಯ ಅಳತೆ 8 ಅಡಿಗೆ 4 ಅಡಿ, ಅಂದರೆ 32 ಚದರ ಅಡಿ. ಕತ್ತರಿಸುವಾಗ ಹೋಗುವ ಚೂರುಗಳನ್ನು ಸೇರಿಸಿ 4 ಹಾಳೆಗಳು ಬೇಕು.

ಒಂದೇ ಕಂಪನಿಯ ಒಂದೇ ಶ್ರೇಣಿಯಲ್ಲಿ ಕೆನೆ ಬಣ್ಣದ ಹಾಳೆಗೂ ಕಡುಗೆಂಪು ಹಾಳೆಗೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆಯ್ಕೆಯ ದಿನ ಸರಿಯಾದ ಬಣ್ಣಕ್ಕೆ ಪ್ರತ್ಯೇಕ ವೆಚ್ಚವಿಲ್ಲವೆಂದೇ ಹೇಳಬಹುದು.

ಬದಲಿಸುವ ದಿನದ ಲೆಕ್ಕ ಹೀಗಲ್ಲ. ಪ್ಲೈವುಡ್ಡಿಗೆ ಅಂಟಿಸಿದ ಹಾಳೆಯನ್ನು ಕಿತ್ತರೆ ಪ್ಲೈವುಡ್ಡಿನ ಮೇಲ್ಪದರವೂ ಏಳುವ ಸಂಭವವಿದೆ. ಆದ್ದರಿಂದ ಅನೇಕ ವೇಳೆ ಬಾಗಿಲುಗಳನ್ನೇ ಹೊಸದಾಗಿ ಮಾಡಿಸಬೇಕಾಗುತ್ತದೆ. ಪ್ಲೈವುಡ್, ಹಾಳೆ, ಅಂಚುಪಟ್ಟಿ, ಕೂಲಿ ಎಲ್ಲ ಸೇರಿ ಚದರ ಅಡಿಗೆ 500 ರೂ. ಎಂದು ಲೆಕ್ಕದ ಅನುಕೂಲಕ್ಕಾಗಿ ಹಿಡಿದರೂ 50 ಸಾವಿರ ರೂಪಾಯಿಗಳಿಗೂ ಮೀರುತ್ತದೆ. ಕೊಳ್ಳುವವರು ಇದಕ್ಕಿಂತ ದೊಡ್ಡ ಮೊತ್ತವನ್ನು ಕೇಳುತ್ತಾರೆ. ಏಕೆಂದರೆ ಕೆಲಸದ ತೊಂದರೆಗೂ ಅವರು ಬೆಲೆ ಕಟ್ಟುತ್ತಾರೆ.

ಮಾರಾಟಕ್ಕಾಗಿ ಕಟ್ಟುವವರಿಗೆ ಇದಕ್ಕಿಂತ ಭಾರವಾದುದು ಕಾಯುವ ಕಾಲ. 30 ಲಕ್ಷ ರೂ. ಸಾಲಕ್ಕೆ ವಾರ್ಷಿಕ ಶೇ. 9 ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ 22,500 ರೂ. ಆಗುತ್ತದೆ. ಅಡುಗೆಮನೆ ಹಿಡಿಸಲಿಲ್ಲವೆಂದು ಇಬ್ಬರು ಮೂವರು ಹಿಂದಿರುಗಿ ಮಾರಾಟ 3 ತಿಂಗಳು ಮುಂದೆ ಹೋದರೆ 67,500 ರೂ. ಬಡ್ಡಿಗೇ ಹೋಯಿತು. ನಾಲ್ಕು ಹಾಳೆಗಳ ಬಣ್ಣ ಇಷ್ಟು ಹಣದ ಮೇಲೆ ಪ್ರಭಾವ ಬೀರಬಲ್ಲದು.

7. ಹೊಸ ಮೋಹದ ವಿಷಯದಲ್ಲಿ ಎಚ್ಚರ

ಅಮೆರಿಕದ ಜಿಲ್ಲೋ ಎಂಬ ಮನೆ ಮಾರಾಟ ಸಂಸ್ಥೆಯು ಬಣ್ಣಕ್ಕೂ ಬೆಲೆಗೂ ಇರುವ ಸಂಬಂಧವನ್ನು ಕುರಿತು ಕಾಲಕಾಲಕ್ಕೆ ವಿಶ್ಲೇಷಣೆ ಪ್ರಕಟಿಸಿದೆ. 2017 ರಲ್ಲಿ ತಿಳಿ ನೀಲಿಯ ಅಡುಗೆಮನೆಗೆ ಹೆಚ್ಚು ಬೆಲೆ ಎಂದು ಹೇಳಿದ ಆ ಸಂಸ್ಥೆ 2023 ರಲ್ಲಿ ಇದ್ದಿಲು ಬೂದು ಬಣ್ಣವನ್ನು ಮುಂದಿಟ್ಟಿತು. ಆರು ವರ್ಷಗಳಲ್ಲಿ ಅಲ್ಲಿಯ ಮೆಚ್ಚುಗೆ ತಿಳಿಯಿಂದ ಗಾಢಕ್ಕೆ ಹೊರಳಿತು. ಕಪಾಟಾದರೋ ಹತ್ತು ಹದಿನೈದು ವರ್ಷ ಇರತಕ್ಕದ್ದು. ಇಂದಿನ ಮೋಹವನ್ನು ನೋಡಿ ಬಣ್ಣ ಆರಿಸಿದವರು ಮಾರುವ ದಿನ ಬಂದಾಗ ಹಳೆಯ ಮೋಹದ ಒಡೆಯರಾಗಿರುತ್ತಾರೆ. ವಿಶಾಲವಾದ ಕಿಟಕಿಗಳೂ ಒಗ್ಗರಣೆಯಿಲ್ಲದ ಅಡುಗೆಯೂ ಇರುವ ದೇಶದ ಚಿತ್ರವನ್ನು ನೋಡಿ ಗುಂಡ್ಲುಪೇಟೆಯ ಮನೆಗೆ ಬಣ್ಣ ಗೊತ್ತುಮಾಡುವುದು ಉಚಿತವಲ್ಲ.

ನಮ್ಮಲ್ಲಿಯೂ ಕೆಲವು ವರ್ಷ ಎರಡು ಗಾಢ ಬಣ್ಣಗಳ ಜೋಡಿಯು, ಅದರಲ್ಲಿಯೂ ಕೆಂಪು-ಬಿಳಿ, ಹಸಿರು-ಬಿಳಿ ಜೋಡಿಗಳು ಬಹಳ ಪ್ರಚಾರದಲ್ಲಿದ್ದವು. ಹೊಸತರಲ್ಲಿ ಆಕರ್ಷಕವಾಗಿದ್ದ ಅವು ಈಗ ಮನೆಯ ವಯಸ್ಸನ್ನು ದೂರದಿಂದಲೇ ಹೇಳುತ್ತವೆ. ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ಕೆಂಪು, ಕಿತ್ತಳೆಯಂಥ ಬಣ್ಣಗಳು ಮಾಸುವ ಸಂಭವವೂ ಹೆಚ್ಚು. ಆಗ ಬಿಸಿಲಿನ ಬಾಗಿಲು ಒಂದು ಬಣ್ಣ, ನೆರಳಿನ ಬಾಗಿಲು ಇನ್ನೊಂದು ಬಣ್ಣವಾಗಿ ಕಾಣುತ್ತವೆ.

8. ಅನುಸರಿಸಬಹುದಾದ ಕ್ರಮ

(ಅ) ಕಟ್ಟೆಯ ಕೆಳಗಿನ ಬಾಗಿಲುಗಳಿಗೆ ತಿಳಿಯಾದ ಮರದ ಗೆರೆ, ಮರಳು ಅಥವಾ ತಿಳಿ ಬೂದು ಬಣ್ಣ. ಕಾಲು, ಬಕೆಟ್ಟು, ಪೊರಕೆ ತಾಗುವ ಜಾಗವಿದು. ಮರದ ಗೆರೆಯಲ್ಲಿ ಸಣ್ಣ ಗೀಚು ಕಾಣುವುದಿಲ್ಲ.

(ಆ) ಗೋಡೆಯ ಕಪಾಟಿಗೆ ಕೆನೆ ಅಥವಾ ದಂತದ ಬಣ್ಣ. ಕಣ್ಣಿನ ಮಟ್ಟದಲ್ಲಿರುವುದರಿಂದ ಕೋಣೆಯ ಬೆಳಕನ್ನು ನಿರ್ಣಯಿಸುವುದು ಇದೇ.

(ಇ) ಅಟ್ಟದ ಬಾಗಿಲುಗಳಿಗೆ ಗೋಡೆಗೆ ಸಮೀಪವಾದ ಬಣ್ಣ. ಆಗ ಮೇಲ್ಭಾಗ ತಲೆಯ ಮೇಲೆ ಬಿದ್ದಂತೆ ತೋರುವುದಿಲ್ಲ.

(ಈ) ಗಾಢ ಬಣ್ಣದ ಆಸೆ ಇದ್ದಲ್ಲಿ ಅದನ್ನು ಸುಲಭವಾಗಿ ಬದಲಿಸಬಹುದಾದ ಕಡೆ ಪೂರೈಸಿಕೊಳ್ಳಬೇಕು: ಗೋಡೆಯ ಬಣ್ಣ, ಪರದೆ, ಡಬ್ಬಿಗಳು, ಹೆಚ್ಚೆಂದರೆ ಒಂದೆರಡು ಬಾಗಿಲುಗಳು.

(ಉ) ಮಾದರಿ ತುಂಡನ್ನು ಅಂಗಡಿಯ ದೀಪದಲ್ಲಿ ನೋಡಿ ತೀರ್ಮಾನಿಸಬಾರದು. ಮನೆಗೆ ತಂದು ಕಟ್ಟೆಯ ಕಲ್ಲಿನ ಪಕ್ಕದಲ್ಲಿಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ನೋಡಬೇಕು. ಅದರ ಮೇಲೆ ಎಣ್ಣೆ ಕಲಸಿದ ಅರಿಶಿನವನ್ನು ಹಚ್ಚಿ ಒಂದು ಗಂಟೆ ಬಿಟ್ಟು ಒರೆಸಿದರೆ ಅದರ ಗುಣ ತಾನಾಗಿ ತಿಳಿಯುತ್ತದೆ.

ಬಣ್ಣ ಸರಿಯಿದ್ದು ಒಳಗಿನ ಹಲಗೆ ಉಬ್ಬಿದ್ದರೆ ಪ್ರಯೋಜನವಿಲ್ಲ. ಸಿಂಕಿನ ಕೆಳಗಿನ ಭಾಗಕ್ಕಾದರೂ ಐಎಸ್ 710 ಗುರುತಿನ ನೀರು ತಾಳುವ ಪ್ಲೈವುಡ್ ಬಳಸುವುದು ಕ್ಷೇಮ. ತಿಳುವಳಿಕೆಯುಳ್ಳ ಗಿರಾಕಿ ಮೊದಲು ತೆರೆದು ನೋಡುವುದು ಆ ಬಾಗಿಲನ್ನೇ.

9. ಕಾಗದಪತ್ರಗಳು ಮತ್ತು ಉಳಿಕೆ ಹಾಳೆ

ಲ್ಯಾಮಿನೇಟ್ ಕಂಪನಿಗಳು ಹೊಸ ಮಾದರಿ ಪುಸ್ತಕ ತಂದಾಗ ಹಳೆಯ ಬಣ್ಣಗಳಲ್ಲಿ ಕೆಲವನ್ನು ಕೈಬಿಡುತ್ತವೆ. ಐದು ವರ್ಷಗಳ ನಂತರ ಒಂದು ಬಾಗಿಲು ಕೆಟ್ಟರೆ ಅದೇ ಬಣ್ಣ ಸಿಗದೆ ಎಲ್ಲವನ್ನೂ ಬದಲಿಸುವ ಪ್ರಸಂಗ ಬರಬಹುದು. ಆದುದರಿಂದ ಕಂಪನಿಯ ಹೆಸರು ಮತ್ತು ಹಾಳೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದು ಹಾಳೆಯನ್ನು ಹೆಚ್ಚಾಗಿ ಕೊಂಡು ಅಟ್ಟದ ಮೇಲೆ ಮಲಗಿಸಿ ಇಡುವುದು ಅಗ್ಗದ ವಿಮೆ ಇದ್ದಂತೆ. ಮನೆ ಮಾರುವಾಗ ಆ ಹಾಳೆಯನ್ನೂ ಕೊಳ್ಳುವವರಿಗೆ ಒಪ್ಪಿಸಿದರೆ ವಿಶ್ವಾಸ ಬೆಳೆಯುತ್ತದೆ.

ಮರಗೆಲಸದ ರಸೀತಿಗಳನ್ನು ಜೋಪಾನವಾಗಿಡಬೇಕು. 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದ ಮನೆಯನ್ನು ಮಾರಿದಾಗ ಬರುವ ಲಾಭ ದೀರ್ಘಾವಧಿ ಬಂಡವಾಳ ಲಾಭವೆನಿಸುತ್ತದೆ. 2024 ರ ಜುಲೈ 23 ರಿಂದ ಇದಕ್ಕೆ ಬೆಲೆ ಸೂಚ್ಯಂಕದ ಹೊಂದಾಣಿಕೆಯಿಲ್ಲದೆ ಶೇ. 12.5 ರ ತೆರಿಗೆ ದರ ಬಂದಿತು. ಆ ದಿನಕ್ಕೆ ಮುಂಚೆ ಕೊಂಡ ಆಸ್ತಿಯಾದರೆ ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಸೂಚ್ಯಂಕದೊಡನೆ ಶೇ. 20 ರ ಲೆಕ್ಕವನ್ನು ಹೋಲಿಸಿ ಕಡಿಮೆಯದನ್ನು ತೆರುವ ಅವಕಾಶವನ್ನೂ ಕೊಡಲಾಯಿತು. ಗೋಡೆಗೆ ಸ್ಥಿರವಾಗಿ ಜೋಡಿಸಿದ ಕೆಲಸದ ವೆಚ್ಚವನ್ನು ಸುಧಾರಣಾ ವೆಚ್ಚವೆಂದು ಕಳೆಯಲು ಬರುವುದೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಬೇಕು. ರಸೀತಿಯೇ ಇಲ್ಲದಿದ್ದರೆ ವಿಚಾರಿಸಲು ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮರೆಯಬಾರದು. ಖಾತೆ, ಕಂದಾಯದ ರಸೀತಿ, ಋಣಭಾರ ಪ್ರಮಾಣಪತ್ರಗಳು ಸರಿಯಿಲ್ಲದ ಮನೆಗೆ ಯಾವ ಬಣ್ಣವೂ ಬೆಲೆ ತಂದುಕೊಡದು. ಕಪಾಟಿನ ಬಣ್ಣ ದಾಖಲೆಗಳು ಸರಿಯಿರುವ ಮನೆಗೆ ಕೊನೆಯ ನೂಕುಬಲವನ್ನು ಮಾತ್ರ ಕೊಡುತ್ತದೆ.

10. ವಾಸಕ್ಕೆಂದು ಕಟ್ಟಿದವರ ಪ್ರಶ್ನೆ

ಇಪ್ಪತ್ತು ವರ್ಷ ತಾವೇ ಬಾಳಲಿರುವ ಮನೆಗೆ ಯಾರೋ ಅಪರಿಚಿತರ ಇಷ್ಟದ ಬಣ್ಣ ಏಕೆಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದುದು. ಪ್ರತಿದಿನ ಆ ಕೋಣೆಯಲ್ಲಿ ನಿಂತು ದುಡಿಯುವವರ ಸಂತೋಷಕ್ಕೂ ಬೆಲೆಯಿದೆ. ಅದು ಕ್ರಯಪತ್ರದಲ್ಲಿ ಕಾಣುವುದಿಲ್ಲ, ಅಷ್ಟೆ. ಮನೆ ಮಾರುವ ಯೋಚನೆಯೇ ಇಲ್ಲದವರು, ಅಡುಗೆ ಮಾಡುವವರ ಮನಸ್ಸಿಗೆ ಒಪ್ಪಿದ ಬಣ್ಣವನ್ನು ಧೈರ್ಯವಾಗಿ ಆರಿಸಲಿ. ಇಪ್ಪತ್ತು ವರ್ಷಗಳ ನಂತರ ಕಪಾಟನ್ನು ಹೇಗೂ ಬದಲಿಸಬೇಕಾಗುತ್ತದೆ. ಆ ವೇಳೆಗೆ ಬಣ್ಣದ ನಷ್ಟ ನಗಣ್ಯ. ಐದರಿಂದ ಹತ್ತು ವರ್ಷಗಳಲ್ಲಿ ವರ್ಗಾವಣೆ ಅಥವಾ ಮಾರಾಟದ ಸಂಭವ ಇರುವವರಿಗೆ ಮೇಲಿನ ಕ್ರಮ ಅನ್ವಯಿಸುತ್ತದೆ. ಮಾರಲೆಂದೇ ಕಟ್ಟುವವರಿಗಂತೂ ಅದು ಕಡ್ಡಾಯವೆಂದೇ ಹೇಳಬೇಕು.

ವ್ಯಾಪಾರಿ ಮಿತ್ರರು ಮಾದರಿ ಪುಸ್ತಕವನ್ನು ತೆರೆಯುವ ಮೊದಲು ಗ್ರಾಹಕರಲ್ಲಿ ಮೂರು ಪ್ರಶ್ನೆಗಳನ್ನು ಕೇಳುವ ಪದ್ಧತಿಯನ್ನು ಇಟ್ಟುಕೊಂಡರೆ ಒಳಿತು. ಈ ಮನೆಯಲ್ಲಿ ಎಷ್ಟು ವರ್ಷ ಇರುವಿರಿ? ಕಟ್ಟೆಯ ಕಲ್ಲು ಯಾವುದು? ಕಿಟಕಿ ಎಷ್ಟು, ಯಾವ ದಿಕ್ಕಿಗೆ? ಈ ಮೂರಕ್ಕೆ ಉತ್ತರ ದೊರೆತರೆ ನೂರು ಹಾಳೆಗಳ ಪುಸ್ತಕದಲ್ಲಿ ಆರಿಸತಕ್ಕವು ಐದಾರಕ್ಕೆ ಇಳಿಯುತ್ತವೆ. ಬೇಡಿಕೆಯಿಲ್ಲದೆ ಉಳಿದ ಗಾಢ ಬಣ್ಣದ ಹಾಳೆಗಳನ್ನು ರಿಯಾಯಿತಿಯ ಆಸೆ ತೋರಿಸಿ ದಾಟಿಸಿದರೆ ಅಂದಿನ ದಾಸ್ತಾನು ಕರಗಬಹುದು. ಆದರೆ ಸಣ್ಣ ಊರಿನಲ್ಲಿ ಆ ಅಡುಗೆಮನೆಯನ್ನು ನೆಂಟರಿಷ್ಟರೆಲ್ಲರೂ ನೋಡುತ್ತಾರೆ. ಯಾವ ಅಂಗಡಿಯದೆಂದು ಕೇಳಿಯೂ ಕೇಳುತ್ತಾರೆ. ಗ್ರಾಹಕರ ಹತ್ತು ವರ್ಷ ಮುಂದಿನ ಹಿತವನ್ನು ನೋಡಿ ಸಲಹೆ ಕೊಟ್ಟ ಅಂಗಡಿಗೆ ಅವರ ಮಕ್ಕಳೂ ಬರುತ್ತಾರೆ.